ಆಚೆ ಬದಿಯ ಹೂ

ನಮ್ಮೂರು ವುಚ್. ಹೆಸರಿನ ಅರ್ಥ ದೋಣಿ.
ಹೊಳೆ ಮಾತ್ರ ಎಲ್ಲೂ ಕಾಣದು;
ಇದ್ದವೆಲ್ಲ ಗಿರಣಿಗಳ ಬಣ್ಣ ಕುಡಿದು
ರಸ್ತೆಯಡಿ ಮಲಗಿವೆ.

ರೈಲು ಹಳಿಯ ಪಕ್ಕ ಸಾಲು ತೋಟಗಳು, ಅಂಗೈಯಗಲದವು.
ನಲವತ್ತನೆಯದು ನನ್ನದು, ಬರೀ ಟೊಮೆಟೊ.
ನಲವತ್ತೊಂದು ಗೆನೊವೆಫಾಳದು.
ಆರು ಮಗ್ಗಗಳ ನಡುವೆ ಮೂವತ್ತು ವರ್ಷ ನಿಂತು
ಎಡಗಿವಿ ಪೂರ್ತಿ, ಬಲಗಿವಿ ಮುಕ್ಕಾಲು
ಗಿರಣಿಗೇ ಬಿಟ್ಟು ಬಂದವಳು.

ಗಿರಣಿ ಕೆಡವಿದಾಗ ಎರಡು ಕೊಳವೆ ಕೊಂಡಳು,
ಉಗಿ ಹಾಯುತ್ತಿದ್ದವು, ಗುಜರಿ ತೂಕಕ್ಕೆ.
ವೆಲ್ಡಿಂಗಿನ ತಾದೆಕ್ ಕಮಾನಾಗಿ ಬಗ್ಗಿಸಿ ಕೊಟ್ಟ:
"ಏನಜ್ಜಿ ಇದು, ಚರ್ಚಿನ ಬಾಗಿಲಾ?"
ಅವನ ತುಟಿ ಓದಿಕೊಂಡು ಅವಳೆಂದಳು:
"ಅಲ್ಲ. ಬಳ್ಳಿಗೊಂದು ಮಗ್ಗ."

ಕ್ಲೆಮಾಟಿಸ್‌ಗೆ ಕೊಕ್ಕೆಯಿಲ್ಲ, ಮುಳ್ಳಿಲ್ಲ,
ಎಲೆಯ ತೊಟ್ಟನ್ನೇ ತಿರುವಿ ಹಿಡಿದುಕೊಳ್ಳಬೇಕು;
ಕೊಳವೆಯೋ, ಅದರ ಮುಷ್ಟಿಗೆ ಸಿಗದಷ್ಟು ದಪ್ಪ.
ಹಳೆಯ ನೈಲಾನ್ ಕಾಲುಚೀಲ ಸೀಳಿ
ಮೇಲಿಂದ ಕೆಳಗೆ ಎಳೆ ಬಿಗಿದಳು.
"ಹಾಸು ನನ್ನದು, ಹೊಕ್ಕು ನಿನ್ನದು" ಎಂದಳು ಸಸಿಗೆ
ಇಡೀ ಸಾಲಿಗೆ ಕೇಳುವಂತೆ.
ಕಿವುಡರಿಗೆ ಗುಟ್ಟು ಹೇಳಲು ಬರುವುದಿಲ್ಲ.

ಕಾಲು ನೆರಳಲ್ಲಿರಬೇಕು, ತಲೆ ಬಿಸಿಲಲ್ಲಿ:
ಬುಡದ ಮೇಲೆ ಒಡೆದ ಹೆಂಚು.
ಹೆಂಚಿನಡಿ ಸಮಿತಿಯ ಪತ್ರ.
ನಲವತ್ತೆರಡರ ಹಿಯರೋನಿಮ್ ಟೇಪು ಹಿಡಿದು ಅಳೆದಿದ್ದ:
ಕಮಾನು ನಿಯಮಕ್ಕಿಂತ ಹನ್ನೆರಡು ಸೆಂಟಿಮೀಟರ್ ಎತ್ತರ.
ಕಾಗದ ಒಳ್ಳೆಯ ಗೊಬ್ಬರವಂತೆ.

ಎರಡನೆಯ ಜೂನಿನ ಒಂದು ಬೆಳಗ್ಗೆ
ಬಳ್ಳಿ ಪೂರ್ತಿ ಜೋತುಬಿದ್ದಿತ್ತು,
ತುಂಬಿದ ಮೊಗ್ಗುಗಳ ಸಮೇತ, ಕಪ್ಪಾಗಿ.
ಹಿಂದಿನ ಸಂಜೆ ನೆಟ್ಟಗಿದ್ದದ್ದು.
"ಬೇರುಸಹಿತ ಕಿತ್ತು ಸುಡಿ" ಎಂದ ಹಿಯರೋನಿಮ್, ಬೇಲಿಯಾಚೆಯಿಂದ.
ಅವಳು ಬೇಕೆಂದೇ ಬೇರೆ ಕಡೆ ನೋಡಿದಳು;
ತುಟಿ ಕಾಣದಿದ್ದರೆ ಮಾತೂ ಇಲ್ಲ.
ಗೇಣುದ್ದ ಉಳಿಸಿ ಕತ್ತರಿಸಿದಳು.
ಆಮೇಲೆ ನನ್ನ ಕಡೆ ತಿರುಗಿ:
"ಎಳೆ ಕಡಿಯಿತೆಂದು ಯಾರಾದರೂ ಮಗ್ಗ ಸುಡುತ್ತಾರೆಯೇ?"

ಹಿಮ ಬಿತ್ತು. ಕಮಾನು ಬರಿಯ ಕಮಾನಾಗಿ
ನಾಲ್ಕು ತಿಂಗಳು ನಿಂತಿತು,
ಕಾಲುಚೀಲದ ಎಳೆಗಳು ಗಾಳಿಗೆ ಅಲ್ಲಾಡುತ್ತ.

ಏಪ್ರಿಲಿನಲ್ಲಿ ಹೆಂಚಿನ ಸಂದಿಯಿಂದ ಮೂರು ಕುಡಿ.
ಮೇ ಹೊತ್ತಿಗೆ ದಿನಕ್ಕೊಂದು ಗಂಟು:
ಹೆಬ್ಬೆರಳು, ತೋರುಬೆರಳು, ಒಂದು ಸುತ್ತು, ಮುಗಿಯಿತು.
ಕಣ್ಣು ನನ್ನ ಮೇಲೆ, ಬಾಯಿ ಉಪ್ಪಿನಕಾಯಿಯ ಮಾತಲ್ಲಿ,
ಕೈ ಮಾತ್ರ ಇನ್ನೂ ಪಾಳಿಯ ಮೇಲಿತ್ತು.

ಆಮೇಲೆ ಅರಳಿತು.
ಅಂಗೈಯಗಲ, ನೇರಳೆ, ನಡುವೆ ಕೆಂಪು ಗೀರು,
ನೂರಕ್ಕೆ ಒಂದೆರಡು ಕಮ್ಮಿ.
ಅಷ್ಟೂ ಆಚೆ ಬದಿಗೆ.
ದಕ್ಷಿಣ ಇರುವುದು ಹಿಯರೋನಿಮ್‌ನ ಕಡೆ, ಬಿಸಿಲೂ ಅಲ್ಲೇ.
ಇವಳ ಪಾಲಿಗೆ ಕಾಂಡ, ತೊಟ್ಟು, ಗಂಟುಗಳ ಸಾಲು.

ನನಗೆ ಹೊಟ್ಟೆ ಉರಿಯಿತು. ನೀರು ಇವಳದು, ಹೂ ಅವನಿಗಾ?
ಗೆನೊವೆಫಾ ಚಹಾ ಲೋಟ ಕೆಳಗಿಟ್ಟು ಹೇಳಿದಳು:
"ಸ್ಯಾಟಿನ್ ನೇಯುವುದೇ ಬೋರಲಾಗಿ, ಹುಡುಗೀ.
ಹೊಳೆಯುವ ಮೈ ಕೆಳಗೆ, ನೇಯುವವಳ ಕಣ್ಣಿಗೆ ಹಿಂಬದಿ.
ಮೂವತ್ತು ವರ್ಷ ಹಿಂಬದಿಯನ್ನೇ ನೋಡಿದ್ದೇನೆ.
ತಪ್ಪಿದ್ದರೆ ಅಲ್ಲೇ ಕಾಣುವುದು."
ಒಂದು ಗಂಟನ್ನು ಉಗುರಿಂದ ಮುಟ್ಟಿ ನೋಡಿದಳು.
ತಪ್ಪಿರಲಿಲ್ಲ.

ಹಿಯರೋನಿಮ್ ಸಂಜೆಗಳಲ್ಲಿ ಕುರ್ಚಿ ಹಾಕಿ ಕೂರತೊಡಗಿದ,
ಮೊದಲು ಬೆನ್ನು ಹಾಕಿ, ವಾರದ ಮೇಲೆ ಓರೆಯಾಗಿ,
ಕೊನೆಗೆ ಎದುರಿಗೇ.
ಒಂದು ದಿನ ಮತ್ತೆ ಟೇಪು ತಂದ.
ಕಮಾನನ್ನು ಬಿಟ್ಟು, ಎಲ್ಲಕ್ಕಿಂತ ದೊಡ್ಡ ಹೂವಿಗೆ ಅಡ್ಡ ಹಿಡಿದ.
ಎಲೆಗಳ ಸಂದಿಯಲ್ಲಿ ಅವನ ತುಟಿ ಅಲ್ಲಾಡಿತು,
ತನಗೆ ತಾನೇ ಹೇಳಿಕೊಂಡದ್ದು: "ಹದಿನಾಲ್ಕು."

ಈಚೆಯಿಂದ ಗೆನೊವೆಫಾ, ಗಂಟು ಬಿಗಿಯುತ್ತ,
ಗಿರಣಿಯ ಗದ್ದಲ ದಾಟುವ ಹಳೆಯ ದನಿಯಲ್ಲಿ:
"ಬರಿ! ಇದನ್ನೂ ಸಮಿತಿಗೆ ಬರಿ!"